ಹೊಸ ಪಿಕಪ್ ಬಂದಿದೆ, ಏನೇನು ಹಾಕಿಸಲಿ, ಏನು ಬಿಡಲಿ?

ಶ್ರೀನಿವಾಸಪುರ ಟೊಮೆಟೊ

ಎಲ್ಲರಿಗೂ ನಮಸ್ಕಾರ. ಹೋದ ಗುರುವಾರ ಮನೆಗೆ ಹೊಸ ಪಿಕಪ್ ಬಂತು. 1.7 ಟನ್ ಲೋಡಿನದು, ಬಾಡಿ ಉದ್ದ ಒಂಬತ್ತಡಿ, ಅಗಲ ಐದೂವರೆ. ಯಾವ ಕಂಪನಿ ಅಂತ ಬರೀತಿಲ್ಲ. ಬರೆದರೆ ಯಾವ ಗಾಡಿ ಮೇಲು ಅನ್ನೋ ಕಡೆಗೆ ಮಾತು ಹೊರಟುಹೋಗುತ್ತೆ, ನನಗೆ ಬೇಕಾಗಿರೋದು ಅದಲ್ಲ.

ನಮ್ಮಪ್ಪ ಇಪ್ಪತ್ತೈದು ವರ್ಷ ಬಾಡಿಗೆ ಗಾಡಿಯಲ್ಲೇ ಕೋಲಾರದ ಎಪಿಎಂಸಿಗೆ ಟೊಮೆಟೊ ಕಳಿಸಿದ್ದಾರೆ. ರೇಟು ಬಿದ್ದ ದಿನ ಬಾಡಿಗೆ ಕೊಟ್ಟು ಉಳಿದದ್ದನ್ನ ಲುಂಗಿ ತುದಿಗೆ ಗಂಟು ಹಾಕಿಕೊಂಡು ಬರ್ತಿದ್ದರು. ಆ ಗಂಟು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ವಂತ ಗಾಡಿ ಅನ್ನೋದು ನಮ್ಮ ಮನೆಯ ಹಳೇ ಆಸೆ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ಅದಾದ ಮೇಲೆ ಧೈರ್ಯ ಮಾಡಿದ್ವಿ. ಅದರಲ್ಲಿ ಉಳಿದ ದುಡ್ಡನ್ನ ಗಾಡಿಗೇ ಹಾಕೋಣ ಅಂತ ಮನಸ್ಸು.

ಶೋರೂಮಿನವರು ಒಂದು ಪಟ್ಟಿ ಕೊಟ್ಟಿದ್ದಾರೆ. ಮುಂದೆ ಕಬ್ಬಿಣದ ಗಾರ್ಡು, ಕ್ಯಾಬಿನ್ ಮೇಲೆ ಕ್ಯಾರಿಯರ್, ಬಾಡಿ ತಳಕ್ಕೆ 3 ಎಂಎಂ ಚೆಕರ್ ಪ್ಲೇಟು, ಸುತ್ತ ಎತ್ತರದ ಗ್ರಿಲ್ಲು, ಎಲ್‌ಇಡಿ ಬಾರು, ಸೀಟ್ ಕವರು, ಸ್ಟೀರಿಯೊ. ಎಲ್ಲ ಸೇರಿ 62 ಸಾವಿರ. ಊರಲ್ಲಿ ಒಬ್ಬರು ಹಿಂದಿನ ಸ್ಪ್ರಿಂಗ್ ಪಟ್ಟಾಗೆ ಒಂದು ಬ್ಲೇಡು ಜಾಸ್ತಿ ಹಾಕಿಸು, ಎರಡೂವರೆ ಟನ್ ಎತ್ತುತ್ತೆ ಅಂದರು. ಕೊಯ್ಲಿಗೆ ಬರೋ ಹೆಂಗಸರನ್ನ ಕರ್ಕೊಂಡು ಬರೋಕೆ ಬಾಡಿ ಒಳಗೆ ಎರಡೂ ಕಡೆ ಮಡಿಚೋ ಬೆಂಚು ಹಾಕಿಸೋ ಯೋಚನೆಯೂ ಇದೆ. ತಿಳಿದವರು ಹೇಳಿ. ಆಯುಧಪೂಜೆಯ ಅಲಂಕಾರದ ಹಾಗಲ್ಲ ಇದು, ಒಂದು ಸಲ ಬೆಸುಗೆ ಹಾಕಿಸಿದರೆ ತೆಗೆಯೋದು ಕಷ್ಟ.

ತುಮಕೂರು ಬಾಡಿ ಕೆಲಸ

ಮೊದಲಿಗೆ ಶುಭಾಶಯ. ಅಪ್ಪನ್ನ ಮೊದಲ ಟ್ರಿಪ್ಪಿಗೆ ಮುಂದೆ ಕೂರಿಸಿಕೊಂಡು ಹೋಗಿ.

ನಾನು ಬಾಡಿ ಕಟ್ಟೋನು. ಗ್ರಿಲ್ಲು, ಪ್ಲೇಟು ಮಾರಿದರೆ ನನಗೇ ಲಾಭ, ಆದರೂ ಹೇಳ್ತೀನಿ ಕೇಳಿ. ನಿಮ್ಮ ಆರ್‌ಸಿ ತೆಗೆದು ಎರಡು ಅಂಕಿ ನೋಡಿ. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಲೋಡು ಸೇರಿ ಒಟ್ಟು ತೂಕ. ಆ ಒಟ್ಟು ತೂಕ ಅನ್ನೋದು ಗೆರೆ ಎಳೆದ ಹಾಗೆ, ನೀವು ಏನೇ ಹಾಕಿಸಿದರೂ ಮೇಲೆ ಹೋಗಲ್ಲ. ಹಾಗಾಗಿ ಗಾಡಿಗೆ ಹತ್ತಿಸಿದ ಒಂದೊಂದು ಕಿಲೋ ಕಬ್ಬಿಣವೂ ನಿಮ್ಮ ಮಾಲಿನಿಂದ ಒಂದು ಕಿಲೋ ಕಿತ್ತುಕೊಳ್ಳುತ್ತೆ. ಗಿರಾಕಿಗಳು ಬೆಲೆ ಕೇಳ್ತಾರೆ, ತೂಕ ಕೇಳೋರನ್ನ ನಾನು ನೋಡಿದ್ದೇ ಕಡಿಮೆ.

ಲೆಕ್ಕ ಹಾಕೋಣ. ನಿಮ್ಮ ಬಾಡಿ ತಳ ಹತ್ತಿರ ಹತ್ತಿರ 4.6 ಚದರ ಮೀಟರು. 3 ಎಂಎಂ ಕಬ್ಬಿಣದ ಚೆಕರ್ ಪ್ಲೇಟು ಚದರ ಮೀಟರಿಗೆ ಸುಮಾರು 25 ಕೆಜಿ. ಅಲ್ಲಿಗೆ ತಳವೊಂದೇ 115 ಕೆಜಿ. ಅದೇ ಅಳತೆ ಅಲ್ಯೂಮಿನಿಯಂನಲ್ಲಿ 40 ಕೆಜಿ ಆಸುಪಾಸು. ಎತ್ತರದ ಗ್ರಿಲ್ಲನ್ನ ದಪ್ಪ ಆಂಗಲ್‌ನಲ್ಲಿ ಮಾಡಿದರೆ 90 ಕೆಜಿಗೆ ಮೋಸ ಇಲ್ಲ. ಕ್ಯಾರಿಯರು 40, ಮುಂದಿನ ಗಾರ್ಡು 35. ನಿಮ್ಮ ಪಟ್ಟಿಯಲ್ಲಿ 280 ಕೆಜಿ ಕೂತಿದೆ.

ಕೋಲಾರದಲ್ಲಿ ಬಾಕ್ಸು 15 ಕೆಜಿ ಅಲ್ವಾ? ಕ್ರೇಟಿನ ತೂಕ ಸೇರಿಸಿ 17 ಅನ್ನಿ. 280 ಅಂದರೆ ಹದಿನಾರು ಬಾಕ್ಸು. ಪ್ರತಿ ಟ್ರಿಪ್ಪಿಗೂ ಹದಿನಾರು ಬಾಕ್ಸು ಟೊಮೆಟೊ ತೋಟದಲ್ಲೇ ಬಿಟ್ಟು ಕಬ್ಬಿಣ ಹೊತ್ತುಕೊಂಡು ಹೋದ ಹಾಗೆ.

ಶ್ರೀನಿವಾಸಪುರ ಟೊಮೆಟೊ

ಅಣ್ಣಾ, ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಈಗ ಆರ್‌ಸಿ ತೆಗೆದು ನೋಡಿದೆ. ಖಾಲಿ 1715, ಒಟ್ಟು 3490.

ಬಾಕ್ಸು ಜೋಡಿಸಿಯೂ ನೋಡಿದ್ವಿ. ಅಗಲಕ್ಕೆ 3, ಉದ್ದಕ್ಕೆ 7, ಒಂದು ಸಾಲಿಗೆ 21. ಐದು ಸಾಲು ಎತ್ತರ ಇಟ್ಟರೆ 105. ಐದು ಸಾಲು ಅನ್ನೋದೇ ನಮ್ಮ ಕಡೆ ರೂಢಿ, ಅದಕ್ಕೇ ಎತ್ತರದ ಗ್ರಿಲ್ಲು ಬೇಕು ಅನ್ನಿಸಿದ್ದು. 105ನ್ನ 17ರಿಂದ ಗುಣಿಸಿದರೆ 1785. ಏನೂ ಹಾಕಿಸದೇ ಇದ್ದರೂ ಲೋಡು ಮೀರಿದೆ! ನನ್ನ ತೂಕ, ಹಗ್ಗ, ಟಾರ್ಪಾಲ್ ಯಾವುದನ್ನೂ ಇನ್ನೂ ಸೇರಿಸಿಲ್ಲ.

ಹಾಗಾದರೆ ಆ ಬ್ಲೇಡು ಹಾಕಿಸಿದರೆ ಪರಿಹಾರ ಆಗಲ್ವಾ?

ಹಾಸನ ಮಂಗಳೂರು ಲೈನು

ಬ್ಲೇಡಿನ ಮಾತು ನಾನು ಹೇಳ್ತೀನಿ ತಮ್ಮಾ. ಹದಿನಾಲ್ಕು ವರ್ಷದಿಂದ ಪಿಕಪ್ಪಲ್ಲೇ ಆಲೂಗಡ್ಡೆ, ಶುಂಠಿ ಹೊಡೀತಿದೀನಿ. ನಿಮ್ಮ ಮುಳಬಾಗಿಲು, ಕೋಲಾರ ದಾಟಿ ಬರೋ 75ನೇ ಹೆದ್ದಾರಿಯೇ ನಮ್ಮ ಸಕಲೇಶಪುರ ಬಿಟ್ಟ ಮೇಲೆ ಶಿರಾಡಿ ಘಾಟಿ ಇಳಿಯೋದು. ಆ ಘಾಟಿ ನನಗೆ ಕಲಿಸಿದ್ದನ್ನ ಬೇರೆ ಯಾರೂ ಕಲಿಸಿಲ್ಲ.

ನನ್ನ ಮೊದಲ ಗಾಡಿಗೆ ನಾನೂ ಪಟ್ಟಾ ಅಂಗಡಿಗೆ ಹೋಗಿ ಹಿಂದೆ ಎರಡು ಬ್ಲೇಡು ಹೆಚ್ಚಿಗೆ ಹಾಕಿಸಿದ್ದೆ. ಲೋಡು ತುಂಬಿದರೂ ಹಿಂಭಾಗ ಬಗ್ಗಲಿಲ್ಲ, ನೋಡೋಕೆ ಬಲು ಚಂದ. ಒಂದು ಮಳೆಗಾಲದ ರಾತ್ರಿ ಗುಂಡ್ಯದ ಕಡೆ ಇಳೀತಿದ್ದಾಗ ಮುಂದೆ ಒಂದು ಬಸ್ಸು ನಿಂತಿತ್ತು. ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಹಿಡೀತಿದೆ, ಹಿಂದಿನದು ಸುಮ್ಮನೆ ತಳ್ಳಿಕೊಂಡು ಬರ್ತಿದೆ. ಎಡಕ್ಕೆ ಚರಂಡಿಗೆ ಎಳೆದು ನಿಲ್ಲಿಸಿದೆ. ಬಸ್ಸಿನ ಹಿಂಬದಿಗೂ ನನ್ನ ಬಂಪರಿಗೂ ಒಂದು ಮೊಳ ಇತ್ತು. ಸ್ಟೇರಿಂಗ್ ಬಿಟ್ಟ ಮೇಲೂ ಕೈ ನಡುಗ್ತಾನೇ ಇತ್ತು.

ಮಾರನೇ ದಿನ ಒಬ್ಬ ಹಳೇ ಮೇಸ್ತ್ರಿ ಗಾಡಿ ಅಡಿಗೆ ಮಲಗಿ ತೋರಿಸಿದರು. ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಸರಳು, ಅದರ ತುದಿಯಲ್ಲಿ ಒಂದು ವಾಲ್ವು. ಲೋಡ್ ಸೆನ್ಸಿಂಗ್ ವಾಲ್ವು ಅಂತಾರೆ. ಗಾಡಿ ಎಷ್ಟು ಬಗ್ಗಿದೆ ಅನ್ನೋದರ ಮೇಲೆ ಹಿಂದೆ ಎಷ್ಟು ಲೋಡಿದೆ ಅಂತ ಅದು ತಿಳಿಯೋದು, ಅದಕ್ಕೆ ತಕ್ಕ ಹಾಗೆ ಹಿಂದಿನ ಬ್ರೇಕಿಗೆ ಒತ್ತಡ ಬಿಡೋದು. ನಾನು ಬ್ಲೇಡು ಹಾಕಿಸಿ ಗಾಡಿ ಬಗ್ಗದ ಹಾಗೆ ಮಾಡಿದ್ದೆ. ಲೋಡಿದ್ದರೂ ವಾಲ್ವು ಮಾತ್ರ ಗಾಡಿ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಬಿಡ್ತಿತ್ತು. ಎಲ್ಲ ಪಿಕಪ್ಪಲ್ಲೂ ಈ ವಾಲ್ವು ಇರುತ್ತೆ ಅಂತಲ್ಲ, ನಿನ್ನ ಗಾಡಿ ಅಡಿಗೆ ಒಂದು ಸಲ ನೋಡು.

ಬ್ಲೇಡು ಹಾಕಿದ ಮಾತ್ರಕ್ಕೆ ಆಕ್ಸಲು, ಹಬ್ಬು, ಟೈರು, ಬ್ರೇಕ್ ಡ್ರಮ್ಮು ದೊಡ್ಡದಾಗಲ್ಲ. ಆರ್‌ಸಿಯ ಅಂಕಿಯೂ ಬದಲಾಗಲ್ಲ. 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ ದಂಡ 20 ಸಾವಿರ, ಮೇಲಿನ ಪ್ರತಿ ಟನ್ನಿಗೆ 2 ಸಾವಿರ ಬೇರೆ, ಹೆಚ್ಚಿನ ಮಾಲನ್ನ ಅಲ್ಲೇ ಇಳಿಸಬೇಕು. ನಡುರಸ್ತೆಯಲ್ಲಿ ಇಳಿಸಿದ ಟೊಮೆಟೊ ಏನಾಗುತ್ತೆ ಅಂತ ನಿನಗೆ ಹೇಳಬೇಕಾಗಿಲ್ಲ.

ನಿಜಕ್ಕೂ ಎರಡು ಟನ್ ಬೇಕಿದ್ದರೆ ಎರಡು ಟನ್ನಿಗೇ ಮಾಡಿದ ಗಾಡಿಗಳಿವೆ. ಟಾಟಾ ಯೋಧ 2.0 ಬಂದಿದ್ದು 2022ರಲ್ಲಿ, ಮಹೀಂದ್ರದ ಬೊಲೆರೊ ಮ್ಯಾಕ್ಸ್ ಪಿಕಪ್ಪಲ್ಲೂ ಎರಡು ಟನ್ನಿನದು ಇದೆ. ನೀನು 1.7 ತಗೊಂಡಿದೀಯ, ಅದು ನಿನ್ನ ತೋಟಕ್ಕೆ ಸಾಕು. ಅದನ್ನ ಅದರಷ್ಟಕ್ಕೆ ಓಡಿಸು.

ಹುಬ್ಬಳ್ಳಿ ವೈರಿಂಗ್

ನಮಸ್ಕಾರ್ರೀ ಎಲ್ಲಾರಿಗೂ. ಎಲ್‌ಇಡಿ ಬಾರ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಹದಿನಾರು ವರ್ಷಾತು ವೈರಿಂಗ್ ಕೆಲಸಾ ಮಾಡಾಕತ್ತು.

ಹೋದ ತಿಂಗಳ ಒಂದು ಹೊಸಾ ಪಿಕಪ್ ಬಂದಿತ್ತು, ಮೂರು ತಿಂಗಳದ್ದು. ಹೆಡ್‌ಲೈಟ್ ಹತ್ತೂದಿಲ್ಲ ಅಂದ್ರು. ಬಾನೆಟ್ ಎತ್ತಿದ್ರ ಸುಟ್ಟ ಪ್ಲಾಸ್ಟಿಕ್ ವಾಸನಿ. ಯಾರೋ ಹೆಡ್‌ಲೈಟ್ ವೈರ್ ಸಿಪ್ಪಿ ಸುಲಿದು, ಅದಕ್ಕ 120 ವ್ಯಾಟಿನ ಬಾರ್ ಸುತ್ತಿ ಟೇಪ್ ಹಚ್ಚಿದ್ರು. 12 ವೋಲ್ಟಿಗೆ 120 ವ್ಯಾಟ್ ಅಂದ್ರ ಹತ್ತು ಆಂಪ್. ಎರಡು ಹೆಡ್‌ಲೈಟ್ ಸೇರಿ ಮೊದಲೇ ಹತ್ತರ ಹತ್ರ ಎಳೀತಾವು. ವೈರು ಹತ್ತಕ್ಕಂತ ಇಟ್ಟದ್ದು, ಅದರ ಮ್ಯಾಲ ಇಪ್ಪತ್ತು ಹೊರಿಸಿದ್ರ ಸುಡದೇ ಏನ್ ಮಾಡೀತು? ಫ್ಯೂಸ್ ಹಾರಿದ್ದಕ್ಕ ದೊಡ್ಡ ಫ್ಯೂಸ್ ಬ್ಯಾರೆ ಹಾಕಿದ್ರು. ಫ್ಯೂಸ್ ಉಳೀತು, ವೈರ್ ಹೋತು. ವಾರಂಟಿಗೆ ಹೋದ್ರ ಕತ್ತರಿಸಿದ ವೈರಿಂಗಿಗೆ ವಾರಂಟಿ ಇಲ್ಲ ಅಂದ್ರಂತ, ಅದು ಸರೀನೂ ಐತಿ.

ಎದುರಿಂದ ಬರಾವ್ರ ಕಣ್ಣಿಗೆ ಕತ್ತಲಿ ಬರೂ ಲೈಟ್ ಹಾಕಿದ್ರ ಕೇಸೂ ಐತ್ರಿ. 2024ರಾಗ ನಮ್ಮ ರಾಜ್ಯದಾಗ ಪೊಲೀಸ್ರು ಇದಕ್ಕಂತನ ಕಾರ್ಯಾಚರಣಿ ಮಾಡಿದ್ರು. ನಿಮಗ ಬೇಕಾದ್ದು ರಸ್ತಾದಾಗ ಬಾರ್ ಅಲ್ಲ, ತೋಟದಾಗ ರಾತ್ರಿ ಲೋಡ್ ಮಾಡೂ ಮುಂದ ಬಾಡಿಯೊಳಗ ಬೆಳಕು. ಕ್ಯಾಬಿನ್ ಹಿಂದ ಒಂದು ಸಣ್ಣ 18 ವ್ಯಾಟಿನ ಲೈಟ್ ಹಾಕಸ್ರಿ, ಬಾಡಿ ಕಡೆ ಮಾರಿ ಮಾಡಿ. ಬ್ಯಾಟರಿಯಿಂದ ಬ್ಯಾರೆ ವೈರ್, ಬ್ಯಾಟರಿ ಹತ್ರನ ಬ್ಯಾರೆ ಫ್ಯೂಸ್, ಒಳಗ ಬ್ಯಾರೆ ಸ್ವಿಚ್. ಕಂಪನಿ ವೈರ್ ಒಂದೂ ಕತ್ತರಿಸೂದು ಬ್ಯಾಡ. ಗಾಡಿ ಓಡೂ ಮುಂದ ಅದನ್ನ ಆರಸ್ರಿ, ಹಿಂದ ಬರಾವ್ರಿಗೆ ತ್ರಾಸ ಆಗಬಾರ್ದು.

ಇನ್ನೊಂದು, ಭಾಳ ಮುಖ್ಯದ್ದು. ಗ್ರಿಲ್ಲಿಗೆ ವೆಲ್ಡಿಂಗ್ ಮಾಡಸೂ ಮುಂದ ಬ್ಯಾಟರಿ ನೆಗೆಟಿವ್ ಬಿಚ್ಚಿಸ್ರಿ, ಇಸಿಯು, ಅಂದ್ರ ಎಂಜಿನ್ ನಡಸೂ ಕಂಪ್ಯೂಟರ್, ಅದರ ಕನೆಕ್ಟರ್ರೂ ತಗಸ್ರಿ. ವೆಲ್ಡಿಂಗ್ ಅರ್ತ್ ಕ್ಲಾಂಪ್ ಬೆಸಿಗಿ ಹಾಕೂ ಜಾಗದ ಬಾಜೂಕ ಇರ್ಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಗೋಳು ಪೂರಾ ಸೆನ್ಸರ್ ಮ್ಯಾಲ ನಡಿಯೂವು. ಒಂದು ಬೆಸಿಗಿಯಿಂದ ಇಸಿಯು ಹೋದ್ರ ನಿಮ್ಮ 62 ಸಾವಿರನೂ ಸಾಲೂದಿಲ್ಲ.

ತುಮಕೂರು ಬಾಡಿ ಕೆಲಸ

ಹುಬ್ಬಳ್ಳಿಯವರ ಮಾತಿಗೆ ನನ್ನದೊಂದು ಸೇರಿಸ್ತೀನಿ. ಸಾಧ್ಯವಾದಷ್ಟು ಬೆಸುಗೆ ಬೇಡ, ಬೋಲ್ಟ್ ಹಾಕಿಸಿ. ಗ್ರಿಲ್ಲನ್ನ ಒಂದೂಕಾಲು ಇಂಚಿನ ಪೈಪಲ್ಲಿ, ಕಂಪನಿ ಕೊಟ್ಟ ಕಂಬದ ತೂತಿಗೆ ಕೂರೋ ಹಾಗೆ, ಬೇಡದಾಗ ಎತ್ತಿಡೋ ಹಾಗೆ ಮಾಡಿಸಿ. 55 ಕೆಜಿಯಲ್ಲಿ ಮುಗಿಯುತ್ತೆ. ಮಾಡಿಸೋ ಮುಂಚೆ ಆರ್‌ಟಿಒದಲ್ಲಿ ಒಂದು ಮಾತು ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಹೊಸ ಸರಕು ಗಾಡಿಗೆ ಎರಡು ವರ್ಷಕ್ಕೆ ಎಫ್‌ಸಿ (ಫಿಟ್‌ನೆಸ್ ತಪಾಸಣೆ) ಬರುತ್ತೆ, ಆವಾಗ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಬೇಕಾಗಿರೋದು ಇದೇ ಗಾಡಿಯನ್ನ.

ಮುಂದಿನ ಗಾರ್ಡು ಬೇಡವೇ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಪತ್ರ ಬರೆದು ಕ್ರಾಶ್ ಗಾರ್ಡ್ ತೆಗೆಸಿ ಅಂದಿದೆ. ಡಿಕ್ಕಿಯಾದರೆ ಬಂಪರು ನಜ್ಜುಗುಜ್ಜಾಗಿ ಪೆಟ್ಟು ತಿನ್ನಬೇಕು. ಗಾರ್ಡಿದ್ದರೆ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ಕೂತವರಿಗೆ. ರಸ್ತೆ ದಾಟೋ ಮನುಷ್ಯನಿಗೆ ತಗುಲಿದರಂತೂ ಕಬ್ಬಿಣದ ಕಂಬಿಗೆ ತಗುಲಿದ ಹಾಗೆ. ನಾನು ಗಾರ್ಡು ಮಾಡೋದು ಬಿಟ್ಟು ಎಂಟು ವರ್ಷ ಆಯ್ತು. ಗಿರಾಕಿ ಬೇರೆ ಅಂಗಡಿಗೆ ಹೋದರೂ ಬೇಸರ ಇಲ್ಲ.

ಮೈಸೂರು ಪಾಲಿಸಿ

ನಾನು ವಿಮೆ ಸರ್ವೆ ಕೆಲಸದಲ್ಲಿದ್ದೇನೆ. ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲು ಬೆಂಚಿನ ವಿಷಯ. ಅದನ್ನು ಬಿಟ್ಟುಬಿಡಿ. ಸರಕು ಗಾಡಿಯ ವಿಮೆಯಲ್ಲಿ ಮಾಲಿನ ಒಡೆಯ ಅಥವಾ ಅವರ ಪ್ರತಿನಿಧಿ ಮಾಲಿನ ಜತೆ ಹೋಗಲು ಕಾನೂನಿನಲ್ಲಿ ಜಾಗ ಇದೆ. ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. ನೀವು ಬೆಂಚು ಹಾಕಿಸಿ ಹತ್ತು ಜನರನ್ನು ಕೂರಿಸಿದ ದಿನ ಏನಾದರೂ ಆದರೆ ಆ ಹತ್ತೂ ಮನೆಯ ಹೊಣೆ ನಿಮ್ಮ ಜಮೀನಿನ ಮೇಲೆ ಬರುತ್ತದೆ. ಅದಕ್ಕಿಂತ ದೊಡ್ಡದು, ಆ ಮನೆಗಳಿಗೆ ಕೈಗೆ ಏನೂ ಸಿಗದೇ ಹೋಗಬಹುದು.

ಎರಡನೆಯದು, ನಿಮ್ಮ ಪಾಲಿಸಿಯಲ್ಲಿ ಐಎಂಟಿ 23 ಎಂಬ ಸಾಲು ಇದೆಯೇ ನೋಡಿ. ಸರಕು ಗಾಡಿಯ ಸಾಮಾನ್ಯ ಪಾಲಿಸಿಯಲ್ಲಿ ಹೆಡ್‌ಲೈಟು, ಟೈರು, ಮಡ್‌ಗಾರ್ಡು, ಬಂಪರು, ಬಾನೆಟ್ಟಿನ ಪಕ್ಕದ ಭಾಗ, ಬಣ್ಣ ಇವಕ್ಕೆ ಸಣ್ಣಪುಟ್ಟ ಅಪಘಾತದಲ್ಲಿ ದುಡ್ಡು ಬರುವುದಿಲ್ಲ. ಸ್ವಲ್ಪ ಹೆಚ್ಚಿನ ಕಂತು ಕಟ್ಟಿ ಐಎಂಟಿ 23 ಸೇರಿಸಿದರೆ ಮಾತ್ರ ಬರುತ್ತದೆ. ಬಂಪರ್ ಮುರಿದುಕೊಂಡು ಬಂದು "ಫುಲ್ ಇನ್ಶೂರೆನ್ಸ್ ಇದೆ ಸರ್" ಎನ್ನುವ ಗಾಡಿಯವರಿಗೆ ಇಲ್ಲ ಎಂದು ಹೇಳುವುದು ನನ್ನ ಕೆಲಸದಲ್ಲೇ ಕಷ್ಟದ ಭಾಗ. ನೀವು ಹಾಕಿಸುವ ಪ್ಲೇಟು, ಗ್ರಿಲ್ಲು, ಲೈಟು ಎಲ್ಲದರ ಬಿಲ್ಲು ಕೊಟ್ಟು ಪಾಲಿಸಿಯಲ್ಲಿ ಬರೆಸಿ. ಬರೆಸದ ವಸ್ತು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ.

ಲೈಸೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7500 ಕೆಜಿಯೊಳಗಿನ ಸರಕು ಗಾಡಿ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಖಚಿತ ಮಾಡಿದೆ. ನಿಮ್ಮ ಪಿಕಪ್ ಅದರೊಳಗೇ ಬರುತ್ತದೆ. ಅವಧಿ ಮುಗಿದಿರದಂತೆ ಮಾತ್ರ ನೋಡಿಕೊಳ್ಳಿ.

ಶ್ರೀನಿವಾಸಪುರ ಟೊಮೆಟೊ

ಸರ್, ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್. ಐಎಂಟಿ 23 ನಮ್ಮ ಪಾಲಿಸಿಯಲ್ಲಿ ಇಲ್ಲ, ಇವತ್ತೇ ಫೋನ್ ಮಾಡ್ತೀನಿ.

ಬೆಂಚಿನ ಬಗ್ಗೆ ಮಾತ್ರ ಒಂದು ಮಾತು. ನಮ್ಮ ಸುತ್ತಮುತ್ತ ಎಲ್ಲರೂ ಹಾಗೇ ಕರ್ಕೊಂಡು ಬರ್ತಾರೆ. ಬೆಳಿಗ್ಗೆ ಆರಕ್ಕೆ ಬಸ್ಸಿಲ್ಲ. ನಿಂತುಕೊಂಡು ಬರೋದಕ್ಕಿಂತ ಕೂತು ಬರೋದು ಒಳ್ಳೇದಲ್ವಾ ಅಂತ ನಾನು ಯೋಚಿಸಿದ್ದು.

ಚಿಂತಾಮಣಿ ಹುಡುಗ

ಅಣ್ಣಾ, ನೀವು ಒಳ್ಳೇ ಮನಸ್ಸಿಂದಲೇ ಹೇಳಿದೀರ ಅಂತ ಗೊತ್ತು. ಆದರೂ ಬರೀಲೇಬೇಕು ಅನ್ನಿಸ್ತು.

ನಮ್ಮಮ್ಮ ಟೊಮೆಟೊ ಕೀಳೋಕೆ ಹೋಗ್ತಿದ್ದರು. ಸಾಯಂಕಾಲ ಮನೆಗೆ ಬಂದರೆ ಕೈ ತುಂಬ ಗಿಡದ ಹಸಿರು ಕರೆ ಇರ್ತಿತ್ತು. ಬಲಗೈಯಲ್ಲಿ ಮಾತ್ರ ಅದರ ಜತೆ ಕೆಂಪಗೆ ತುಕ್ಕಿನ ಗೆರೆ. ಪಿಕಪ್ಪಿನ ಗ್ರಿಲ್ ಹಿಡಿದುಕೊಂಡು ಬರೋ ಕೈ ಅದು. ನಾನು ಎಂಟನೇ ಕ್ಲಾಸಲ್ಲಿದ್ದಾಗ ಒಂದು ದಿನ ಡ್ರೈವರು ನಾಯಿ ಅಡ್ಡ ಬಂತು ಅಂತ ಬ್ರೇಕ್ ಹಾಕಿದ. ಕೂತಿದ್ದವರೆಲ್ಲ ಮುಂದಕ್ಕೆ ಬಿದ್ದರು, ನಮ್ಮಮ್ಮ ಅಡಿಯಲ್ಲಿ. ಭುಜದ ಮೂಳೆ ಎರಡು ಕಡೆ ಮುರೀತು. ಗಾಡಿಯವರು ಕೆಟ್ಟವರಲ್ಲ, ಆಸ್ಪತ್ರೆಗೆ ಅವರೇ ಕರ್ಕೊಂಡು ಹೋದರು, ಕೈಲಾದಷ್ಟು ಕೊಟ್ಟರು. ವಿಮೆಯಿಂದ ಒಂದು ರೂಪಾಯಿ ಬರಲಿಲ್ಲ. ಅಮ್ಮನಿಗೆ ಈಗಲೂ ಬಲಗೈ ತಲೆ ಮೇಲಕ್ಕೆ ಎತ್ತೋಕಾಗಲ್ಲ. ಜಡೆ ನನ್ನ ತಂಗಿ ಹಾಕ್ತಾಳೆ.

ಅವತ್ತು ಅವರು ನಿಂತಿರಲಿಲ್ಲ ಅಣ್ಣಾ, ಕೂತಿದ್ದರು.

ಶ್ರೀನಿವಾಸಪುರ ಟೊಮೆಟೊ

ನಿನ್ನ ಮಾತು ಓದಿ ನಮ್ಮಪ್ಪನಿಗೂ ಓದಿ ಹೇಳಿದೆ ತಮ್ಮಾ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಂಚು ಬೇಡ" ಅಂದರು. ಊರಲ್ಲಿ ಸ್ಕೂಲ್ ಮಕ್ಕಳನ್ನ ಬಿಡೋ ಟೆಂಪೊ ಒಂದಿದೆ. ಬೆಳಿಗ್ಗೆ ಆರಕ್ಕೆ ಅವರಿಗೂ ಕೆಲಸ ಇರಲ್ಲ, ಏಳೂವರೆಗೆ ಮಕ್ಕಳ ಟ್ರಿಪ್ಪು. ಕೊಯ್ಲಿನ ದಿನ ಬಾಡಿಗೆಗೆ ಮಾತಾಡಿ ಬಂದೆ. ಅಮ್ಮನ ಆರೋಗ್ಯ ವಿಚಾರಿಸಿದೆ ಅಂತ ಹೇಳು.

ತೀರ್ಥಹಳ್ಳಿ ತೋಟ

ನಮ್ಮದು ಅಡಿಕೆ. ಮಳೆಯಲ್ಲಿ ಗಾಡಿ ಇಟ್ಟುಕೊಂಡವರ ಅನುಭವ ಹೇಳ್ತೇನೆ, ಯಾಕಂದ್ರೆ ಟೊಮೆಟೊ ರಸ ಮಳೆ ನೀರಿಗಿಂತ ಕೆಟ್ಟದ್ದು, ಹುಳಿ ಅದು. ತಳದ ಶೀಟು ಕೂಡೋ ಜಾಗದಲ್ಲಿ, ಮೂಲೆಯಲ್ಲಿ ಮೊದಲು ತುಕ್ಕು ಹಿಡಿಯೋದು.

ಅಲ್ಯೂಮಿನಿಯಂ ಪ್ಲೇಟ್ ಹಾಕಿಸೋದಾದ್ರೆ ಕಬ್ಬಿಣಕ್ಕೆ ನೇರ ತಾಗೋ ಹಾಗೆ ಇಡಬೇಡಿ. ನಡುವೆ ನೀರು ನಿಂತ್ರೆ ಎರಡು ಲೋಹಕ್ಕೂ ಜಗಳ ಶುರುವಾಗ್ತದೆ, ತುಕ್ಕು ಬೇಗ ಬರ್ತದೆ. ಮೊದಲು ತಳಕ್ಕೆ ಒಳ್ಳೇ ಎಪಾಕ್ಸಿ ಬಣ್ಣ, ಮೇಲೆ ತೆಳು ರಬ್ಬರ್ ಪಟ್ಟಿ, ಅದರ ಮೇಲೆ ಪ್ಲೇಟು. ನೀರು ಹೋಗೋ ತೂತುಗಳನ್ನ ಯಾವ ಕಾರಣಕ್ಕೂ ಮುಚ್ಚಿಸಬೇಡಿ. ರಬ್ಬರ್ ಮ್ಯಾಟ್ ಪೂರ್ತಿ ಹಾಸಿ ಮರೆತುಬಿಟ್ಟವರ ಗಾಡಿ ನಮ್ಮೂರಲ್ಲಿ ಇದೆ. ನಾಲ್ಕನೇ ವರ್ಷ ಮ್ಯಾಟ್ ಎತ್ತಿದ್ರೆ ಬೆರಳು ತೂರುವಷ್ಟು ತೂತು.

ಟಾರ್ಪಾಲ್ ನಿಮ್ಮ ಐದೂವರೆ ಅಡಿ ಅಗಲಕ್ಕೆ, ಎರಡೂ ಬದಿ ನಾಲ್ಕಡಿ ಇಳಿಯೋ ಹಾಗೆ, 14ಕ್ಕೆ 18 ಅಡಿ ಸಾಕು. ಟೊಮೆಟೊಗೆ ಪೂರ್ತಿ ಮುಚ್ಚಿ ಬಿಗಿದ್ರೆ ಒಳಗೆ ಬಿಸಿಯೇರಿ ಹಣ್ಣು ಮೆತ್ತಗಾಗ್ತದೆ. ಮಳೆ ಇಲ್ಲದ ದಿನ ನರ್ಸರಿಗೆ ಹಾಕೋ ಶೇಡ್ ನೆಟ್ ಹೊದಿಸಿ ಕಟ್ಟಿ, ಗಾಳಿ ಆಡ್ತದೆ, ತೂಕವೂ ಇಲ್ಲ. ಹಗ್ಗ 12 ಎಂಎಂ ನೈಲಾನ್, ಒಂದೇ ಉದ್ದದ್ದು ಬೇಡ, ಎರಡು ತಗೊಳ್ಳಿ. ಒಂದು ಕಡೆ ಕುಣಿಕೆ ಮಾಡಿ ಅದರೊಳಗಿಂದ ತುದಿ ಎಳೆದು ಬಿಗಿಯೋದನ್ನ ನಿಮ್ಮ ಅಪ್ಪನ್ನೇ ಕೇಳಿ, ಅವರಿಗೆ ಖಂಡಿತ ಗೊತ್ತಿರ್ತದೆ.

ಮತ್ತೆ ಒಂದು ಹಲಗೆ, ಒಂದಡಿ ಚೌಕದ್ದು, ಸೀಟ್ ಹಿಂದೆ ಇಟ್ಟಿರಿ. ಹಸಿ ಮಣ್ಣಿನಲ್ಲಿ ಪಂಕ್ಚರ್ ಆದ್ರೆ ಜಾಕಿ ಹೂತುಹೋಗ್ತದೆ, ಗಾಡಿ ಮೇಲೇಳೂದಿಲ್ಲ. ಸ್ಟೆಪ್ನಿಗೆ ಒಂದು ಸರಪಳಿ, ಬೀಗ. ಮಾರ್ಕೆಟ್‌ನಲ್ಲಿ ರಾತ್ರಿ ನಿಲ್ಲೋ ಗಾಡಿಯಿಂದ ಮೊದಲು ಕಾಣೆ ಆಗೋದು ಅದೇ.

ಕೊಡಗಿನ ಬಿಳಿ ಬೋರ್ಡು

ನಮ್ಮದು ಬೇರೆ ಥರದ ಪಿಕಪ್, ಇಸುಜು ವಿ-ಕ್ರಾಸ್, ಖಾಸಗಿ ನೋಂದಣಿ. ತೋಟಕ್ಕೆ, ಮನೆಗೆ ಎರಡಕ್ಕೂ ಒಂದೇ ಗಾಡಿ. ಬಾಡಿ ಮೇಲೆ ಗಟ್ಟಿ ಮುಚ್ಚಳ ಹಾಕಿಸಿದ್ದೆ, ಆರು ತಿಂಗಳಿಗೆ ತೆಗೆದಿಟ್ಟೆ. ಕಾಫಿ ಮೂಟೆ ಎರಡು ಸಾಲು ಇಟ್ಟರೆ ಮುಚ್ಚಳ ಹಾಕಲು ಬರುವುದಿಲ್ಲ. ಈಗ ಮಡಿಚುವ ಕ್ಯಾನ್ವಾಸ್ ಇದೆ, ಅದೇ ಆರಾಮ. ಇಲ್ಲಿನ ಮಾತು ಓದಿದ ಮೇಲೆ ನಾನೂ ಆರ್‌ಸಿಯ ಎರಡು ಅಂಕಿ ನೋಡಿದೆ. ಇಷ್ಟು ದಿನ ನೋಡಿರಲೇ ಇಲ್ಲ.

ಹ್ಯೂಸ್ಟನ್‌ನಿಂದ

ನಮ್ಮೂರು ಮುಳಬಾಗಿಲು ಹತ್ತಿರ, ಅದಕ್ಕೇ ಈ ಚರ್ಚೆ ಬಿಡದೆ ಓದುತ್ತಿದ್ದೇನೆ. ಇಲ್ಲಿ ಟೆಕ್ಸಸ್‌ನಲ್ಲಿ ಮನೆಗೊಂದು ಪಿಕಪ್. ನನ್ನದೂ ಇದೆ. ಇಲ್ಲಿ ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನಲ್ಲೇ ಒಂದು ಸ್ಟಿಕ್ಕರ್ ಇರುತ್ತದೆ. ಕೂತವರೂ ಮಾಲೂ ಸೇರಿ ಇಷ್ಟು ತೂಕ ಮೀರಬಾರದು ಎಂದು ಆ ಗಾಡಿಯದ್ದೇ ಅಂಕಿ ಬರೆದಿರುತ್ತಾರೆ. ಒಂದೇ ಮಾಡೆಲ್ಲಿನ ಎರಡು ಗಾಡಿಯ ಅಂಕಿ ಬೇರೆ ಬೇರೆ ಇರಬಹುದು, ಯಾಕೆಂದರೆ ಜಾಸ್ತಿ ಸಾಮಾನು ಹಾಕಿಸಿಕೊಂಡು ಬಂದ ಗಾಡಿಗೆ ಕಡಿಮೆ ಲೋಡು. ತುಮಕೂರಿನವರು ಹೇಳಿದ್ದನ್ನೇ ಇಲ್ಲಿ ಬಾಗಿಲಿಗೆ ಅಂಟಿಸಿದ್ದಾರೆ.

ತಳಕ್ಕೆ ಇಲ್ಲಿ ಪ್ಲೇಟಿನ ಬದಲು ರಬ್ಬರಿನಂಥ ಲೇಪವನ್ನು ಸ್ಪ್ರೇ ಮಾಡಿಸುತ್ತಾರೆ. ಅಡಿಗೆ ನೀರು ಇಳಿಯುವುದಿಲ್ಲ, ಕ್ರೇಟು ಜಾರುವುದೂ ಇಲ್ಲ. ನಿಮ್ಮ ಕಡೆ ಸಿಕ್ಕರೆ ಆ 40 ಕೆಜಿ ಅಲ್ಯೂಮಿನಿಯಂ ಕೂಡ ಬೇಕಾಗಲಿಕ್ಕಿಲ್ಲ.

ತುಮಕೂರು ಬಾಡಿ ಕೆಲಸ

ಆ ಲೇಪ ಬೆಂಗಳೂರಲ್ಲಿ ಮಾಡಿಕೊಡೋರಿದ್ದಾರೆ, ಆದರೆ ಕ್ರೇಟು ಎಳೆದಾಡೋ ಗಾಡಿಗೆ ಎಷ್ಟು ದಿನ ತಡೆಯುತ್ತೋ ನಾನು ಸ್ವತಃ ನೋಡಿಲ್ಲ. ಕ್ರೇಟಿನ ಅಂಚು ಚೂಪು. ನೋಡಿ ಹೇಳಿದ್ದಕ್ಕೆ ಮಾತ್ರ ನಾನು ಹೊಣೆ, ಅದಕ್ಕೇ ಅಲ್ಯೂಮಿನಿಯಂ ಅಂದೆ.

ಒಂದು ಬಿಟ್ಟುಹೋಗಿತ್ತು. ರೇಡಿಯಂ ಪಟ್ಟಿ ಮುಂದೆ ಬಿಳಿ, ಪಕ್ಕ ಹಳದಿ, ಹಿಂದೆ ಕೆಂಪು. ನೀವು ಮಾರ್ಕೆಟ್‌ಗೆ ರಾತ್ರಿಯೇ ಹೋಗೋದು, ಕ್ರೇಟಿನ ಹಗ್ಗ ಅದರ ಮೇಲೆ ಉಜ್ಜದ ಹಾಗೆ ಅಂಟಿಸಿ. ಇದಕ್ಕೆ ತೂಕ ಅನ್ನೋದೇ ಇಲ್ಲ.

ಹಾಸನ ಮಂಗಳೂರು ಲೈನು

ತಮ್ಮಾ, ಮೊದಲ ಲೋಡು ಹೊಡೆದ ಮೇಲೆ ಚಕ್ರದ ನಟ್ಟು, ಬ್ಲೇಡನ್ನ ಆಕ್ಸಲಿಗೆ ಹಿಡಿದಿಡೋ ಯು ಬೋಲ್ಟು ಮತ್ತೆ ಬಿಗಿ ಮಾಡಿಸಬೇಕು, ಮರೀಬೇಡ. ಹೊಸ ಗಾಡಿಯಲ್ಲಿ ಲೋಡು ಬಿದ್ದ ಮೇಲೆ ಅವು ಕೂತುಕೊಳ್ಳುತ್ತೆ, ಸಡಿಲ ಆಗುತ್ತೆ. ಗಾಳಿಯೂ ಅಷ್ಟೆ. ಲೋಡಿಗೆ ಬೇರೆ, ಖಾಲಿಗೆ ಬೇರೆ, ಗಾಡಿ ಮೇಲೇ ಬರೆದಿರುತ್ತೆ. ಪಂಕ್ಚರ್ ಅಂಗಡಿಯವರು ಅಂದಾಜಲ್ಲಿ ಹಾಕಿದ್ದನ್ನ ನಂಬಬೇಡ, ಒಂದು ಗೇಜು ತಗೊಂಡು ಡ್ಯಾಶ್‌ಬೋರ್ಡಲ್ಲಿ ಇಟ್ಟುಕೋ. ಸ್ಟೀರಿಯೊ ಆಮೇಲೆ ಹಾಕಿಸಿದರಾಯ್ತು.

ಶ್ರೀನಿವಾಸಪುರ ಟೊಮೆಟೊ

ಮೂರು ವಾರ ಆಯ್ತು, ಸುದ್ದಿ ಹೇಳ್ತೀನಿ.

ಗಾರ್ಡು, ಕ್ಯಾರಿಯರು, ಬಾರು, ಬ್ಲೇಡು, ಬೆಂಚು ಎಲ್ಲ ಬಿಟ್ಟೆ. ಎಪಾಕ್ಸಿ ಬಣ್ಣ, ರಬ್ಬರ್ ಪಟ್ಟಿ, ಅಲ್ಯೂಮಿನಿಯಂ ಪ್ಲೇಟು, ಎತ್ತಿಡೋ ಪೈಪ್ ಗ್ರಿಲ್ಲು, ಹಿಂದೆ ಸಣ್ಣ ಲೈಟು, ರೇಡಿಯಂ, ಟಾರ್ಪಾಲ್, ಶೇಡ್ ನೆಟ್ಟು, ಎರಡು ಹಗ್ಗ, ಹಲಗೆ, ಸರಪಳಿ. ಸೀಟ್ ಕವರ್ ಹಾಕಿಸಿದೆ, ಅದು ಅಮ್ಮನ ಆಸೆ. ಒಟ್ಟು 34 ಸಾವಿರ ಆಯ್ತು. ಪಾಲಿಸಿಯಲ್ಲಿ ಐಎಂಟಿ 23 ಸೇರಿದೆ, ಬಿಲ್ಲುಗಳನ್ನ ಕಳಿಸಿದ್ದೀನಿ.

ಎಲ್ಲ ಮುಗಿದ ಮೇಲೆ ಖಾಲಿ ಗಾಡಿಯನ್ನ ವೇಬ್ರಿಡ್ಜಿಗೆ ಹತ್ತಿಸಿದೆ, ನಾನು ಒಳಗೆ ಕೂತೇ. ಚೀಟಿಯಲ್ಲಿ 1900 ಬಂತು. 3490ರಲ್ಲಿ 1900 ಕಳೆದರೆ 1590. ಅದನ್ನ 17ರಿಂದ ಭಾಗಿಸಿದರೆ 93 ಬಾಕ್ಸು. ಅಪ್ಪ ಜತೆಗೆ ಬಂದರೆ 89. ಈ ಎರಡು ಅಂಕಿಯನ್ನ ಪೇಂಟರ್ ಕೈಲಿ ಬಾಗಿಲ ಒಳಗಡೆ ಬರೆಸಿದ್ದೀನಿ, ಹ್ಯೂಸ್ಟನ್ ಅಣ್ಣ ಹೇಳಿದ ಹಾಗೆ.

ಮೊನ್ನೆ ರಾತ್ರಿ ಮೊದಲ ಲೋಡು, 89 ಬಾಕ್ಸು. ನಾಲ್ಕು ಸಾಲು, ಮೇಲೆ ಐದು. ಬಾಕ್ಸು ಹತ್ತಿಸೋ ಹುಡುಗರು "ಇನ್ನೂ ಜಾಗ ಇದೆಯಲ್ಲ, ಹದಿನಾರು ಹಿಡಿಯುತ್ತೆ" ಅಂದರು. ಅಪ್ಪನೇ ಸಾಕು ಅಂದರು. ಆ ಹಗ್ಗದ ಗಂಟು ಅಪ್ಪನಿಗೆ ಗೊತ್ತಿತ್ತು. ಕುಣಿಕೆ ಹಾಕಿ, ಕಾಲು ಬಾಡಿಗೆ ಒದ್ದು ಎಳೆದರೆ ನನ್ನ ಕೈಲಿ ಬಿಚ್ಚೋಕಾಗಲಿಲ್ಲ. ಮಾರ್ಕೆಟ್‌ನಲ್ಲಿ ಇಳಿಸುವಾಗ ತಳದ ಸಾಲಿನ ಬಾಕ್ಸುಗಳನ್ನ ಒಂದೊಂದೇ ನೋಡಿದೆ. ಒಡೆದ ಹಣ್ಣು ಸಿಗಲಿಲ್ಲ. ಬಾಡಿಗೆ ಗಾಡಿಯಲ್ಲಿ ಕಳಿಸುವಾಗ ತಳದ ಸಾಲಲ್ಲಿ ಬಾಕ್ಸಿಗೆ ನಾಕೈದಾದರೂ ಹೋಗ್ತಿದ್ದವು.

ಮೇ ತಿಂಗಳಿಗೆ ಮಾವು ಶುರುವಾಗುತ್ತೆ. ಕ್ರೇಟಿಲ್ಲದೆ ಹುಲ್ಲು ಹಾಸಿ ಸುರಿಯೋ ಮಾಲು ಅದು. ಹಿಂದಿನ ಬಾಗಿಲಿಗೆ ಒತ್ತಡ ಬೀಳದ ಹಾಗೆ ನಡುವೆ ಅಡ್ಡ ಹಲಗೆ ಹೇಗೆ ಕೂರಿಸೋದು, ಯಾರಾದರೂ ಹೇಳ್ತೀರಾ?

ಹಾಸನ ಮಂಗಳೂರು ಲೈನು

ಅಡ್ಡ ಹಲಗೆ ವಿಷಯ ನಾಳೆ ಫೋಟೋ ಹಾಕಿ ಹೇಳ್ತೀನಿ. ಅದಕ್ಕೂ ಮುಂಚೆ ಒಂದು ಹೇಳು ತಮ್ಮಾ, ಯು ಬೋಲ್ಟು ಬಿಗಿ ಮಾಡಿಸಿದ್ಯಾ?

ಶ್ರೀನಿವಾಸಪುರ ಟೊಮೆಟೊ

ಇಲ್ಲ ಅಣ್ಣಾ. ಚಕ್ರದ ನಟ್ಟು ಮಾತ್ರ ನೋಡಿದೆ. ಬೆಳಿಗ್ಗೆ ಎಂಟಕ್ಕೆ ಗ್ಯಾರೇಜ್ ಬಾಗಿಲು ತೆಗೀತಾರೆ, ಮೊದಲು ಅಲ್ಲಿಗೇ ಹೋಗ್ತೀನಿ.